ಅರಸಿನ, ಶುಂಠಿ ಕಷಾಯ ಕುಡಿದರೆ ಕೊಲೈಟಿಸ್ ಮಾತ್ರೆ ಬಿಡಬಹುದಾ?

ಬಿಡಬೇಡಿ. ನಾನು ಒಮ್ಮೆ ಬಿಟ್ಟು ನೋಡಿದವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮಂಜೇಶ್ವರದ ಕಡೆಯವರು, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೋಡೆ ಬಾತು ಹುಣ್ಣಾಗುವ ರೋಗ) ಅಂತ ಗೊತ್ತಾಗಿ ಎಂಟು ತಿಂಗಳಾಯಿತು, ಮೆಸಲಮೈನ್ ಮಾತ್ರೆಯಲ್ಲಿ ಹತೋಟಿಗೆ ಬಂದಿದೆ ಅಂತ ಬರೆದಿದ್ದೀರಿ. ಅತ್ತೆ ದಿನಾ ಬರಿಹೊಟ್ಟೆಗೆ ಅರಸಿನ, ಶುಂಠಿ, ಕಾಳುಮೆಣಸಿನ ಕಷಾಯ ಕೊಡುತ್ತಾರೆ, ಇನ್ನು ಇಂಗ್ಲಿಷ್ ಮದ್ದು ಸಾಕು ಅನ್ನುತ್ತಾರೆ, ಬೇಡ ಅನ್ನಲು ಬಾಯಿ ಬರುವುದಿಲ್ಲ ಅಂತಲೂ ಬರೆದಿದ್ದೀರಿ. ಇದು ನಮ್ಮ ಮನೆಯದೇ ಕತೆ. ಅತ್ತೆಯ ಜಾಗದಲ್ಲಿ ನಮ್ಮ ದೊಡ್ಡಮ್ಮ, ಅಷ್ಟೆ.

ನಮ್ಮದು ಬದಿಯಡ್ಕದ ಹತ್ತಿರ, ಅಡಿಕೆ ತೋಟ. ಸುರುವಿಗೆ ರಕ್ತ ಬೀಳುವುದು ನೋಡಿ ಮೂಲವ್ಯಾಧಿ ಅಂದುಕೊಂಡೆವು. ಐದು ತಿಂಗಳು ಅದಕ್ಕೇ ಮದ್ದು ಮಾಡಿದ್ದಾಯಿತು. ಮಂಗಳೂರಿಗೆ ಹೋಗಿ ಕೊಲೊನೋಸ್ಕೋಪಿ ಮಾಡಿಸಿದ ಮೇಲೆಯೇ ರೋಗದ ಹೆಸರು ಗೊತ್ತಾದದ್ದು. ಮಾತ್ರೆ ಶುರು ಮಾಡಿ ಎರಡು ತಿಂಗಳಲ್ಲಿ ರಕ್ತ ನಿಂತಿತು. ಜೊತೆಗೆ ದೊಡ್ಡಮ್ಮನ ಕಷಾಯವೂ ನಡೆದಿತ್ತು. ವರ್ಷ ಕಳೆಯುವಾಗ ದೊಡ್ಡಮ್ಮ, "ಇಷ್ಟು ಚಂದ ಆಗಿದ್ದಿ, ಇನ್ನು ಯಾಕೆ ಆ ಗುಳಿಗೆ?" ಅಂದರು. ನನಗೂ ಅದೇ ಬೇಕಿತ್ತು. ಬಿಟ್ಟೆ.

ಮೂರು ತಿಂಗಳು ಏನೂ ಆಗಲಿಲ್ಲ. ಮೋಸ ಇರುವುದೇ ಅಲ್ಲಿ. ಈ ರೋಗ ತಾನಾಗಿ ಅಡಗಿ ಕೂರುತ್ತದೆ, ನಾವು ಕಷಾಯದ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಆಟಿ ತಿಂಗಳ ಜಡಿಮಳೆಯಲ್ಲಿ ಅದು ಎದ್ದಿತು. ನಮ್ಮ ಹಳೇ ಮನೆಯಲ್ಲಿ ಕಕ್ಕಸು ಅಂಗಳದ ಆಚೆ. ಕೊಡೆ ಬಿಡಿಸುವಷ್ಟು ಪುರುಸೊತ್ತು ಇಲ್ಲ. ಹಾಳೆಟೊಪ್ಪಿಯನ್ನು ಬಾಗಿಲ ಪಕ್ಕವೇ ತೂಗುಹಾಕಿದ್ದೆ, ಅದನ್ನು ತಲೆಗಿಟ್ಟುಕೊಂಡು ಓಡುವುದು. ಒಂದು ರಾತ್ರಿ ಏಳು ಸಲ ಓಡಿದೆ. ಕೊನೆಗೆ ಆಸ್ಪತ್ರೆ, ಸ್ಟೀರಾಯ್ಡ್. ಮುಖ ಬಾತು ಬೊಂಡದ ಹಾಗಾಯಿತು. ಊರಿನವರು "ಚೆನ್ನಾಗಿ ಆಗಿದ್ದೀರಿ" ಅಂತ ಬೇರೆ ಹೇಳುತ್ತಿದ್ದರು!

ಹಾಗಾದರೆ ಅರಸಿನದಲ್ಲಿ ಏನೂ ಇಲ್ಲವಾ? ಉಂಟು. ಅದರಲ್ಲಿರುವ ಕರ್ಕ್ಯುಮಿನ್ ಮೇಲೆ ಸರಿಯಾದ ಪರೀಕ್ಷೆಗಳೇ ನಡೆದಿವೆ. 2006ರಲ್ಲಿ ಜಪಾನಿನವರು ಪ್ರಕಟಿಸಿದ್ದರಲ್ಲಿ, ರೋಗ ಅಡಗಿದ್ದವರಿಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. 6 ತಿಂಗಳಲ್ಲಿ 43 ಜನರಲ್ಲಿ 2 ಜನರಿಗೆ ಮಾತ್ರ ರೋಗ ಮರಳಿತು. ಮದ್ದಿಲ್ಲದ ಹುಸಿ ಮಾತ್ರೆ ತಿಂದ 39 ಜನರಲ್ಲಿ 8 ಜನರಿಗೆ ಮರಳಿತು. ಆದರೆ ಎರಡೂ ಗುಂಪಿನವರು ಮೆಸಲಮೈನ್ ಅಥವಾ ಅದೇ ಬಗೆಯ ಸಲ್ಫಾಸಲಜೈನ್ ಮಾತ್ರೆ ತಿನ್ನುತ್ತಲೇ ಇದ್ದರು. ಮಾತ್ರೆ ಬಿಡಿಸಿ ಅಲ್ಲ, ಮಾತ್ರೆಯ ಜೊತೆಗೆ. ನಿಮ್ಮ ಅತ್ತೆಗೆ ಹೇಳಬೇಕಾದದ್ದು ಇದೊಂದೇ.

ಇನ್ನು ಆ 2 ಗ್ರಾಂ ಎಷ್ಟು ಅಂತ ನೋಡಿ. ಅರಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. ನಾನು ಸುಮ್ನೆ ಕುತೂಹಲಕ್ಕೆ ನಮ್ಮ ಮನೆಯ ಪುಡಿ ತೂಗಿದೆ. ಒಂದು ಚಾ ಚಮಚ ಸುಮಾರು 3 ಗ್ರಾಂ ಬಂತು. ಅಂದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಇಪ್ಪತ್ತು ಚಮಚದ ಮೇಲೆ ಪುಡಿ ನುಂಗಬೇಕು, ದಿನಾ. ಬಟ್ಟಲಲ್ಲಿ ಸುರಿದರೆ ಅದೊಂದು ಸಣ್ಣ ಗುಡ್ಡೆ. ದೊಡ್ಡಮ್ಮ ನೋಡಿ, "ಇದು ಮದುವೆ ಮನೆಗೆ ಸಾಕು" ಅಂದರು. ಕಷಾಯಕ್ಕೆ ಹಾಕುವ ಅರ್ಧ ಚಮಚ ಎಲ್ಲಿ, ಅದೆಲ್ಲಿ? ದೆಹಲಿಯ ಏಮ್ಸ್‌ನಲ್ಲಿ ದಿನಕ್ಕೆ 450 ಮಿಲಿಗ್ರಾಂ ಕರ್ಕ್ಯುಮಿನ್ 8 ವಾರ ಕೊಟ್ಟು ನೋಡಿದ್ದಾರೆ. ಹುಸಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ಕಷಾಯದಲ್ಲಿ ಅಷ್ಟೂ ಇರುವುದಿಲ್ಲ.

ಕಾಳುಮೆಣಸು ಹಾಕಿದರೆ ಮೈಗೆ ಹಿಡಿಯುತ್ತದೆ ಅನ್ನುತ್ತಾರಲ್ಲ, ಅದು ಸುಳ್ಳಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ದು. ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಕರ್ಕ್ಯುಮಿನ್ ಸುಮಾರು 20 ಪಟ್ಟು ಜಾಸ್ತಿ ರಕ್ತಕ್ಕೆ ಸೇರಿತು. ಆದರೆ ನಮ್ಮ ಗಾಯ ಇರುವುದು ದೊಡ್ಡ ಕರುಳಿನ ಒಳಗೋಡೆಯಲ್ಲಿ ಅಲ್ವಾ? ರಕ್ತಕ್ಕೆ ಸೇರದೆ ಕೆಳಗಿಳಿದದ್ದೂ ಅಲ್ಲಿಗೇ ತಾಗುತ್ತದೆ. ಹಾಗಾಗಿ ನಮಗೆ ಮೆಣಸಿನ ಹಟ ಬೇಡ ಅಂತ ನನ್ನ ಲೆಕ್ಕ. ಪೈಪರಿನ್ ಬೇರೆ ಕೆಲವು ಮದ್ದುಗಳನ್ನೂ ರಕ್ತದಲ್ಲಿ ಏರಿಸುತ್ತದೆ. ಕರ್ಕ್ಯುಮಿನ್ ಜೊತೆ ಅದನ್ನು ಸೇರಿಸಿದ ಕ್ಯಾಪ್ಸೂಲ್ ತಿಂದು ಲಿವರ್ ಕೆಟ್ಟವರೂ ಇದ್ದಾರೆ.

ಕ್ಯಾಪ್ಸೂಲ್ ಬೇಕು ಅನ್ನಿಸಿದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತನ್ನಿ. ರಕ್ತ ತೆಳುವಾಗುವ ಮದ್ದು ತಿನ್ನುವವರಿಗೆ, ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ಅದು ಆಗದು. ಅರಸಿನದಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿನವರೂ ಜಾಗ್ರತೆ. ಮತ್ತೊಂದು ನಾನೇ ಅನುಭವಿಸಿದ್ದು. ಕರ್ಕ್ಯುಮಿನ್ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. ರಕ್ತ ಹೋಗಿ ಹೋಗಿ ನನ್ನ ಹಿಮೋಗ್ಲೋಬಿನ್ ಮೊದಲೇ ಕಡಿಮೆ ಇತ್ತು. ಕಬ್ಬಿಣದ ಮಾತ್ರೆಯನ್ನೂ ಅರಸಿನದ ಕ್ಯಾಪ್ಸೂಲನ್ನೂ ಒಟ್ಟಿಗೆ ನುಂಗುತ್ತಿದ್ದೆ. ಡಾಕ್ಟರು ನೋಡಿ, ಎರಡನ್ನೂ ಬೇರೆ ಬೇರೆ ಹೊತ್ತಿಗೆ ತಿನ್ನಲು ಹೇಳಿದರು.

ಶುಂಠಿಯ ಕತೆ ಚಿಕ್ಕದು. ಇರಾನಿನಲ್ಲಿ ಕೊಲೈಟಿಸ್‌ನವರಿಗೆ ದಿನಕ್ಕೆ 2 ಗ್ರಾಂ ಒಣ ಶುಂಠಿ ಪುಡಿ 12 ವಾರ ಕೊಟ್ಟಾಗ ಸ್ವಲ್ಪ ಗುಣ ಕಂಡಿದೆ, ಆದರೆ ಪರೀಕ್ಷೆ ಬಹಳ ಸಣ್ಣದು. ಶುಂಠಿಯ ನಿಜವಾದ ಕೆಲಸ ವಾಕರಿಕೆ ನಿಲ್ಲಿಸುವುದು. ಮಾತ್ರೆ ತಿಂದು ಹೊಟ್ಟೆ ತೊಳಸಿದರೆ ಒಂದು ತೆಳ್ಳಗಿನ ಹೋಳನ್ನು ಬಿಸಿನೀರಿಗೆ ಹಾಕಿ ಕುಡಿಯಿರಿ, ಹಿತವಾಗುತ್ತದೆ. ರೋಗ ಎದ್ದಿರುವಾಗ ಬರಿಹೊಟ್ಟೆಗೆ ಖಾರದ ಕಷಾಯ ಬೇಡವೇ ಬೇಡ. ನನಗಂತೂ ಕುಡಿದ ಅರ್ಧ ಗಂಟೆಗೆ ಹೊಟ್ಟೆ ಹಿಂಡುತ್ತಿತ್ತು.

ರಕ್ತ ಮತ್ತೆ ಕಂಡರೆ, ಜ್ವರ ಬಂದರೆ, ರಾತ್ರಿ ಎದ್ದು ಓಡಬೇಕಾಗಿ ಬಂದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಸೀದಾ ಆಸ್ಪತ್ರೆ.

ಅತ್ತೆಗೆ ಬೇಡ ಅನ್ನುವ ಬದಲು ಬೇರೆ ಕೆಲಸ ಕೊಡಿ. ಕಷಾಯದ ಬದಲು ತಂಬುಳಿ ಮಾಡಿ ಅನ್ನಿ. ಹಿತ್ತಿಲಲ್ಲಿ ಬೆಳೆದ ಹಸಿ ಅರಸಿನ ಕಿರುಬೆರಳಿನ ಒಂದು ಗಂಟಿನಷ್ಟು, ಅದರ ಅರ್ಧ ಶುಂಠಿ, ಸ್ವಲ್ಪ ಜೀರಿಗೆ. ತುಪ್ಪದಲ್ಲಿ ಬಾಡಿಸಿ, ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ಕಡೆದು, ಹುಳಿ ಬರದ ಮಜ್ಜಿಗೆಗೆ ಬೆರೆಸುವುದು. ಕುಚ್ಚಲಕ್ಕಿ ಬೇಡ, ಮೆತ್ತಗೆ ಬೆಂದ ಬೆಳ್ತಿಗೆ ಅನ್ನಕ್ಕೆ ಹಾಕಿಕೊಂಡು ಮಧ್ಯಾಹ್ನ ಉಣ್ಣಿ. ಮಜ್ಜಿಗೆ ಆಗದಿದ್ದರೆ ಬಿಡಿ, ಎಲ್ಲರ ಕರುಳೂ ಒಂದೇ ಅಲ್ಲ. ಒಗ್ಗರಣೆಗೆ ಒಣಮೆಣಸು ಬೇಡ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಹಾಕಿಯೇ ಹಾಕುತ್ತಾರೆ.