ಎರಡು ವರ್ಷದಲ್ಲಿ ಕಂಡದ್ದು ಆರು ವರ್ಷದ ಮಗುವಿಗೆ ಯಾಕೆ ನೆನಪಿರುವುದಿಲ್ಲ?

ಡೊಂಬಿವಲಿಯಿಂದ ಕೇಳಿದ್ದೀರಿ: 2 ವರ್ಷದವನಿದ್ದಾಗ ಮತ್ಸ್ಯಗಂಧ ರೈಲಿನಲ್ಲಿ ಉಡುಪಿಗೆ ಹೋಗಿ ಅಜ್ಜಿಮನೆಯಲ್ಲಿ ತಿಂಗಳಿದ್ದದ್ದು ಈಗ 6 ವರ್ಷದ ಮಗನಿಗೆ ಒಂಚೂರೂ ನೆನಪಿಲ್ಲ, 11ರ ಮಗಳಿಗೆ ಅಂಗಡಿಯಿಂದ ನಾಲ್ಕು ಸಾಮಾನು ಹೇಳಿದರೆ ಎರಡೇ ತರುತ್ತಾಳೆ, ಮಿದುಳಿನಲ್ಲಿ ಏನಾದರೂ ತೊಂದರೆಯೇ ಎಂದು. ನೀವು ಬರೆದಷ್ಟರಲ್ಲಿ ಗಾಬರಿಪಡುವಂಥದ್ದು ನನಗೆ ಕಾಣುವುದಿಲ್ಲ. ಇವು ಎರಡು ಬೇರೆ ವಿಷಯ, ಮಿದುಳಿನ ಎರಡು ಬೇರೆ ಭಾಗಗಳದ್ದು.

ಮಗನದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಸೇರಿದ್ದು. ಕಿವಿಯ ಬಳಿಯ ಮಿದುಳಿನ ಭಾಗವಾದ ಟೆಂಪೊರಲ್ ಲೋಬ್‌ನ ಒಳಮಗ್ಗುಲಲ್ಲಿ ಎಡಕ್ಕೊಂದು, ಬಲಕ್ಕೊಂದು ಇರುತ್ತದೆ. ಯಾರು, ಎಲ್ಲಿ, ಯಾವಾಗ ಎಂಬುದನ್ನೆಲ್ಲ ಸೇರಿಸಿ ಒಂದು ಘಟನೆಯಾಗಿ ಕಟ್ಟಿಡುವುದು ಇದೇ. ಇದರೊಳಗಿನ ಡೆಂಟೇಟ್ ಜೈರಸ್ ಎಂಬ ಭಾಗ ಮಗು ಹುಟ್ಟಿದ ಮೇಲೂ ಹೊಸ ನರಕೋಶಗಳನ್ನು ಸೇರಿಸಿಕೊಳ್ಳುತ್ತಿರುತ್ತದೆ. ಜೋಡಣೆ ಒಂದು ಹದಕ್ಕೆ ಬರುವಾಗ ಮಗುವಿಗೆ ನಾಲ್ಕೈದು ವರ್ಷವಾಗಿರುತ್ತದೆ. ಹೊಸ ಕೋಶಗಳು ಸೇರುತ್ತಿರುವಾಗ ಹಳೆಯ ನೆನಪು ಅಳಿಸುತ್ತದೆ ಎನ್ನಲು ಆಧಾರವಿದೆ: ಅವು ಹುಟ್ಟುವುದನ್ನು ತಗ್ಗಿಸಿದರೆ ಇಲಿಮರಿಗಳ ಮರೆವೂ ತಗ್ಗುತ್ತದೆ ಎಂದು 2014ರ ಪ್ರಯೋಗ ತೋರಿಸಿತು. ದೊಡ್ಡವರನ್ನು ಕೇಳಿದರೂ ಮೊದಲ ನೆನಪು ಸರಾಸರಿ ಮೂರು, ಮೂರೂವರೆ ವರ್ಷದ್ದೇ.

ಆದರೆ ಆಗ ಕಲಿತ ನಡಿಗೆ, ಮಾತು ಉಳಿದಿವೆಯಲ್ಲ! ಮೈಗೂಡುವ ಕೆಲಸಗಳ ದಾರಿ ಬೇರೆ: ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಸೆರೆಬೆಲ್ಲಮ್. 1953ರಲ್ಲಿ ಅಪಸ್ಮಾರಕ್ಕೆಂದು ಹೆನ್ರಿ ಮೊಲೈಸನ್ ಎಂಬವರ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಹೊಸ ಘಟನೆ ಯಾವುದೂ ನಿಲ್ಲದಾಯಿತು. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬಿಡಿಸುವುದರಲ್ಲಿ ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ಹಿಂದಿನ ದಿನ ಬಿಡಿಸಿದ್ದೇ ನೆನಪಿಲ್ಲದಿದ್ದರೂ.

ಮಗಳದು ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್. ಕೇಳಿದ್ದನ್ನು ಕೆಲಸ ಮುಗಿಯುವವರೆಗೆ ಹಿಡಿದಿಡುವುದರಲ್ಲಿ ಇದರದೇ ಮುಖ್ಯ ಪಾತ್ರ. ಬೇಡದ ಸಂಪರ್ಕಗಳು ಕಳಚಿ, ಉಳಿದವಕ್ಕೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಂದು ಇದು ಬಲಿಯುವಾಗ ವಯಸ್ಸು ಇಪ್ಪತ್ತೈದರ ಆಸುಪಾಸು ಆಗಿರುತ್ತದೆ. ಟಿವಿ ನೋಡುತ್ತಿರುವಾಗ ಹೇಳಬೇಡಿ. ಎರಡೆರಡೇ ಹೇಳಿ, ಅವಳ ಬಾಯಲ್ಲೇ ಒಮ್ಮೆ ಹೇಳಿಸಿ. ಅದಕ್ಕಿಂತ ಹೆಚ್ಚಿದ್ದರೆ ಚೀಟಿ ಕೊಡಿ. ಈ ವಯಸ್ಸಿಗೆ ರಾತ್ರಿ 9ರಿಂದ 12 ಗಂಟೆ ನಿದ್ದೆ ಬೇಕು; ಮಲಗುವುದು ತಡವಾದರೆ ಮೊದಲು ಪೆಟ್ಟು ಬೀಳುವುದು ಗಮನಕ್ಕೆ. ಮಕ್ಕಳ ನೆನಪು, ಬುದ್ಧಿ ಹೆಚ್ಚಿಸುತ್ತೇವೆ ಎನ್ನುವ ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿಗೆ ದಯವಿಟ್ಟು ದುಡ್ಡು ಸುರಿಯಬೇಡಿ.

ಮಗನ ಜೊತೆ ಆದದ್ದನ್ನು ಆಗಾಗ ಮಾತಾಡಿ. “ಗಣಪತಿ ನೋಡಿದೆಯಾ?” ಎಂದರೆ “ಹ್ಞೂಂ” ಎಂದು ಮುಗಿಸುತ್ತಾನೆ. “ಗಣಪತಿ ಬಿಡೋಕೆ ಯಾರ್‍ಯಾರು ಬಂದಿದ್ರು, ಆಮೇಲೆ ಏನಾಯ್ತು?” ಎಂದು ಕೇಳಿ. ಉಡುಪಿಯ ಫೋಟೊ ತೋರಿಸಿ “ನೆನಪಿದೆ ತಾನೆ?” ಎಂದು ಒತ್ತಾಯಿಸಿದರೆ ಮಾತ್ರ ಫೋಟೊದಲ್ಲಿ ಕಂಡದ್ದನ್ನೇ ನೆನಪು ಎಂದುಕೊಳ್ಳಬಹುದು.

ಶಾಲೆಯಲ್ಲಿ ಬೆಳಿಗ್ಗೆ ಆದದ್ದನ್ನು ಸಂಜೆ ಹೇಳಲು ಪದೇ ಪದೇ ಆಗದಿದ್ದರೆ, ಕಲಿತ ಮಾತು ಮರೆಯುತ್ತಿದ್ದರೆ, ನಡುನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧರಾದರೆ ಮಕ್ಕಳ ನರತಜ್ಞರಿಗೆ ತೋರಿಸಿ. ಹುಟ್ಟುವಾಗ ಆಮ್ಲಜನಕದ ಕೊರತೆಯಾಗಿದ್ದರೆ ಅದನ್ನು ತಪ್ಪದೆ ಹೇಳಿ. ಹಿಪೊಕ್ಯಾಂಪಸ್‌ಗಾದ ಹಾನಿ ಶಾಲೆಗೆ ಹೋಗುವ ವಯಸ್ಸಿನವರೆಗೂ ಗೊತ್ತಾಗದೆ ಇರಬಹುದು.