ಡ್ಯಾಡ್ ಜೋಕ್ ಅಷ್ಟು ಸಪ್ಪೆಯಾಗಿದ್ದರೂ ನಗು ಯಾಕೆ ಬರುತ್ತೆ?

‘ಅಪ್ಪಾ, ಕಾಲು ನೋಯ್ತಿದೆ’ ಅಂತ ಮಗಳು ಅಂದರೆ, ‘ಕಾಲು ತಾನೇ? ಇನ್ನು ಮುಕ್ಕಾಲು ಚೆನ್ನಾಗಿದೆಯಲ್ಲ!’ ಅನ್ನುತ್ತಾನೆ ಅಪ್ಪ. ಅವಳು ‘ಅಯ್ಯೋ, ಸಾಕಪ್ಪಾ’ ಅಂತ ಹಣೆ ಚಚ್ಚಿಕೊಳ್ಳುತ್ತಾಳೆ. ಆ ‘ಅಯ್ಯೋ’ಗೇ ಅಪ್ಪ ಕಾಯುತ್ತಿದ್ದದ್ದು. ಅಪ್ಪಂದಿರು ಹೊಡೆಯುವ ಇಂಥ ಸಪ್ಪೆ ಜೋಕೇ ಡ್ಯಾಡ್ ಜೋಕ್.

ಪದಕ್ಕಿರುವ ಎರಡು ಅರ್ಥಗಳಲ್ಲಿ ಸಂದರ್ಭಕ್ಕೆ ಹೊಂದದ್ದನ್ನೇ ಬೇಕಂತಲೇ ಹಿಡಿಯುವುದು ಇದರ ಗುಟ್ಟು. ಬರೀ ಶ್ಲೇಷೆ, ಯಾರನ್ನೂ ಚುಚ್ಚುವುದಿಲ್ಲ, ಪೋಲಿತನವೂ ಇಲ್ಲ.

ಪುಟ್ಟ ಮಕ್ಕಳು ಇದಕ್ಕೆ ನಿಜಕ್ಕೂ ಬಿದ್ದು ಬಿದ್ದು ನಗುತ್ತಾರೆ. ಒಂದು ಮಾತಿಗೆ ಎರಡು ಅರ್ಥ ಇರಬಹುದು ಅನ್ನೋದು ಅವರಿಗೆ ಆಗಷ್ಟೇ ಹೊಳೆಯುತ್ತಿರುತ್ತದೆ. ಹದಿಹರೆಯದಲ್ಲಿ ಅದೇ ಜೋಕಿಗೆ ಮುಜುಗರ. ಆದರೂ ಅಪ್ಪ ಬಿಡುವುದಿಲ್ಲ, ಮುಂದಿನ ಸಲ ಕಾಲು ನೋವು ಅಂದರೂ ಅದೇ ‘ಮುಕ್ಕಾಲು’. ನನಗೆ ತುಂಬ ಇಷ್ಟವಾಗುವುದು ಈ ಹಟವೇ.