ಔಟ್‌ಬೋರ್ಡ್ ಇಂಜಿನ್ ಬಿಸಿಯಾಗಿ ಅಲಾರಂ ಹೊಡೆದರೆ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ ಬಿಸಿಯಾಗಿ ಅಲಾರಂ ಹೊಡೆಯುತ್ತದೆ, ಇಂಜಿನ್ ತಂಪು ಮಾಡಿ ಹಿಂದಿನ ತೂತಿನಿಂದ ಹೊರಬರುವ ನೀರೂ ಸಣ್ಣಗಿದೆ ಎಂದುಕೊಳ್ಳಿ. ಹಾಗಿದ್ದರೆ ಹೆಚ್ಚಾಗಿ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಚಕ್ರ) ಸವೆದಿರುತ್ತದೆ, ಇಲ್ಲವೇ ನೀರು ಹರಿಯುವ ಒಳದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ. ಯಾವುದೆಂದು ಬಿಚ್ಚದೆ ಹೇಳುವುದು ಕಷ್ಟ.

ಮೊದಲು ಇಂಜಿನ್ ನಿಲ್ಲಿಸಿ, ಆ ತೂತಿಗೆ ದಪ್ಪ ತಂಗೂಸಿ ತೂರಿಸಿ ನೋಡಿ. ಎಷ್ಟೋ ಸಲ ಮರಳು, ಉಪ್ಪಿನ ಹರಳು ಅಲ್ಲೇ ಸಿಕ್ಕಿಕೊಂಡಿರುತ್ತದೆ. ಕೆಳಗೆ ನೀರೆಳೆಯುವ ಜಾಲರಿಯಲ್ಲಿ ಪ್ಲಾಸ್ಟಿಕ್ ಇದ್ದರೆ ತೆಗೆಯಿರಿ. ಆಮೇಲೂ ಧಾರೆ ಸಣ್ಣಗಿದ್ದರೆ ಗೇರ್‌ಕೇಸ್ (ಪ್ರೊಪೆಲ್ಲರ್ ಇರುವ ಕೆಳಭಾಗ) ಇಳಿಸಿ ಇಂಪೆಲ್ಲರ್ ಬದಲಿಸಿ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರನ್ನು ಹುಡುಕಲೇಬೇಕು. ಅದು ಮೇಲಿನ ಕೊಳವೆಯಲ್ಲಿ ಕೂತಿದ್ದರೆ ಹೊಸದು ಹಾಕಿಯೂ ಸುಮ್ನೆ ದಂಡ.

ಧಾರೆ ಜೋರಾದ ಮೇಲೂ ಬಿಸಿಯಾದರೆ ಥರ್ಮೋಸ್ಟಾಟ್ (ಬಿಸಿಗೆ ತೆರೆದು ನೀರು ಬಿಡುವ ವಾಲ್ವ್) ಬಿಚ್ಚಿ, ನೀರಲ್ಲಿಟ್ಟು ಕಾಯಿಸಿ. ಕುದಿಯುವ ಮುಂಚೆಯೇ ಅದು ತೆರೆದುಕೊಳ್ಳಬೇಕು. ಇಲ್ಲದಿದ್ದರೆ ಬದಲಿಸಿ.

ಒಳದಾರಿಯ ಉಪ್ಪು ತೆಗೆಯಲು ಎಕ್ಸಾಸ್ಟ್ ಕವರ್ (ಹೊಗೆದಾರಿಯ ಮುಚ್ಚಳ) ಬಿಚ್ಚುವಾಗ ಅದರ ಬೋಲ್ಟು ಉಪ್ಪಿಗೆ ಕಚ್ಚಿಕೊಂಡಿದ್ದರೆ ದಯವಿಟ್ಟು ಜೋರು ಮಾಡಬೇಡಿ. ಮುರಿದರೆ ಖರ್ಚು ಜಾಸ್ತಿ. ಅದನ್ನು ಮೆಕ್ಯಾನಿಕ್‌ಗೇ ಬಿಡಿ.

ಸರಿಯಾದ ಮೇಲೆ, ಕಡಲಿಂದ ಬಂದಾಗಲೆಲ್ಲ 10 ನಿಮಿಷ ಸಿಹಿನೀರು ಕೊಟ್ಟು ಇಂಜಿನ್ ಓಡಿಸಿ. ಆನೋಡ್ (ಇಂಜಿನ್ ತುಕ್ಕು ಹಿಡಿಯದಂತೆ ತಾನೇ ಕರಗುವ ಲೋಹದ ತುಂಡು) ಅರ್ಧ ಕರಗಿದ್ದರೆ ಹೊಸದು ಹಾಕಿ. ಅದರ ಮೇಲೆ ಪೇಂಟ್ ಮಾತ್ರ ಬಳಿಯಬೇಡಿ, ಬಳಿದರೆ ಅದು ಕೆಲಸವನ್ನೇ ಮಾಡುವುದಿಲ್ಲ.